ಪ್ರೋಟೀನ್ ಇಂಟರ್‌ಫೇಸ್ ಪಟ್ಟಿ ಮಾಡುವಾಗ ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು?

ಘಟಪ್ರಭಾ_ಬಿಟಿ (ಬಾಗಲಕೋಟೆ):

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಬಯೋಟೆಕ್ನಾಲಜಿ ಕೊನೆಯ ವರ್ಷದಲ್ಲಿದ್ದೇನೆ. ಗೆಳೆಯರೆಲ್ಲ ಸೇರಿ ಒಂದು ಪ್ರಾಜೆಕ್ಟ್ ಹಿಡಿದಿದ್ದೇವೆ. ಎರಡು ಪ್ರೋಟೀನ್ ಒಂದಕ್ಕೊಂದು ಅಂಟಿಕೊಳ್ಳುವ ಜಾಗ ಇದೆಯಲ್ಲ, ಇಂಟರ್‌ಫೇಸ್, ಅದನ್ನು ಪಿಡಿಬಿ (ಪ್ರೋಟೀನ್ ರಚನೆಗಳ ಜಾಗತಿಕ ಸಂಗ್ರಹ) ಫೈಲ್‌ಗಳಿಂದ ಕಂಪ್ಯೂಟರ್‌ನಲ್ಲಿ ಗುರುತಿಸಿ ಒಂದು ಪಟ್ಟಿ ಮಾಡುವುದು. ಮೊದಲಿಗೆ ರಕ್ತಕ್ಕೆ ಸಂಬಂಧಪಟ್ಟ ಪ್ರೋಟೀನ್‌ಗಳು ಮತ್ತು ಪಠ್ಯದಲ್ಲಿ ಬರುವ ಒಂದಷ್ಟು ಪ್ರಸಿದ್ಧ ಜೋಡಿಗಳು.

ಪೈಥಾನ್ ಸ್ಕ್ರಿಪ್ಟ್ ಬರೆದಾಗಿದೆ. ಬಯೋಪೈಥಾನ್ ಅನ್ನುವ ಜೀವವಿಜ್ಞಾನದ ಕೋಡ್ ಸಂಗ್ರಹ ಬಳಸಿದ್ದೇವೆ. ಒಂದು ಚೈನ್‌ನ (ಅಮೈನೋ ಆಮ್ಲಗಳ ಸರಪಳಿ) ಯಾವುದೇ ಪರಮಾಣು ಇನ್ನೊಂದು ಚೈನ್‌ನ ಪರಮಾಣುವಿನಿಂದ 5 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು) ಒಳಗಿದ್ದರೆ ಆ ಎರಡೂ ಅಮೈನೋ ಆಮ್ಲಗಳನ್ನು ಇಂಟರ್‌ಫೇಸ್‌ನಲ್ಲಿ ಸೇರಿಸುತ್ತೇವೆ. ಹೈಡ್ರೋಜನ್ ಬಿಟ್ಟಿದ್ದೇವೆ, ನೀರನ್ನೂ ತೆಗೆದಿದ್ದೇವೆ.

ಈಗ ಕೆಲವು ಕಡೆ ತಲೆ ಕೆಟ್ಟಿದೆ. ಹಿಮೋಗ್ಲೋಬಿನ್‌ಗೆ ನಾಲ್ಕು ಚೈನ್ ಅಂತ ಪುಸ್ತಕದಲ್ಲಿದೆ, ಆದರೆ 1ಎಚ್‌ಎಚ್‌ಒ ಅನ್ನುವ ಕೋಡಿನ ಹಿಮೋಗ್ಲೋಬಿನ್ ಫೈಲ್‌ನಲ್ಲಿ ನಮಗೆ ಸಿಕ್ಕಿದ್ದು ಎರಡೇ ಚೈನ್, ಒಂದೇ ಇಂಟರ್‌ಫೇಸ್. 1ಬಿಆರ್‌ಎಸ್, ಅಂದರೆ ಬಾರ್ನೇಸ್ ಕಿಣ್ವ ಮತ್ತು ಅದನ್ನು ತಡೆಯುವ ಬಾರ್‌ಸ್ಟಾರ್ ಪ್ರೋಟೀನ್ ಜೋಡಿ, ಅದರಲ್ಲಿ ಒಂದೇ ಜೋಡಿ ಮೂರು ಸಲ ಬರುತ್ತದೆ, ಜೊತೆಗೆ ಬಾರ್ನೇಸ್‌ಗೂ ಬಾರ್ನೇಸ್‌ಗೂ ನಡುವೆ ಸಣ್ಣ ಪುಟ್ಟ ಸಂಪರ್ಕಗಳು ಬೇರೆ. ನಾವು ಲೆಕ್ಕ ಹಾಕಿದ ಇಂಟರ್‌ಫೇಸ್ ವಿಸ್ತೀರ್ಣ ಪೀಸಾ ಅನ್ನುವ ಆನ್‌ಲೈನ್ ಲೆಕ್ಕದ ಸರ್ವರ್ ಕೊಟ್ಟಿದ್ದಕ್ಕಿಂತ ಸರಿಯಾಗಿ ಎರಡರಷ್ಟು ಬರುತ್ತಿದೆ. ಕೊನೆಯದು, ಚಿಕ್ಕ ಇಂಟರ್‌ಫೇಸ್‌ಗಳನ್ನೆಲ್ಲ ಒಂದು ಗೆರೆ ಎಳೆದು ಬಿಟ್ಟುಬಿಡಿ ಅಂತ ಗೈಡ್ ಹೇಳುತ್ತಾರೆ. ಗೆರೆ ಎಲ್ಲಿ ಎಳೆಯಬೇಕು?

ತಿಳಕವಾಡಿ_ಮೇಷ್ಟ್ರು (ಬೆಳಗಾವಿ):

ತಮ್ಮಾ, ಮೊದಲನೇ ಪ್ರಶ್ನೆಯನ್ನೇ ಸರಿಯಾಗಿ ಬಿಡಿಸೋಣ. ಅದು ಗೊತ್ತಾದರೆ ಉಳಿದದ್ದು ಅರ್ಧ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಪಿಡಿಬಿ ಫೈಲ್‌ನಲ್ಲಿ ಇರುವುದು ದೇಹದಲ್ಲಿರುವ ಅಣು ಅಂತ ಅಂದುಕೊಳ್ಳಬೇಡಿ. ಇಂಥ ರಚನೆ ಬಹುಪಾಲು ಪ್ರೋಟೀನ್‌ನ ಕ್ರಿಸ್ಟಲ್ ಮಾಡಿ ನೋಡಿದ್ದು. ಕ್ರಿಸ್ಟಲ್‌ನಲ್ಲಿ ಒಂದೇ ಮಾದರಿ ಲಕ್ಷಾಂತರ ಸಲ ಪುನರಾವರ್ತನೆ ಆಗಿರುತ್ತದೆ. ಸಿಮ್ಮೆಟ್ರಿ ಬಳಸಿ ಇಡೀ ಕ್ರಿಸ್ಟಲ್ ಕಟ್ಟಲು ಎಷ್ಟು ತುಣುಕು ಬೇಕೋ ಅಷ್ಟನ್ನೇ ಫೈಲ್‌ನಲ್ಲಿ ಇಡುತ್ತಾರೆ. ಅದಕ್ಕೆ ಅಸಿಮ್ಮೆಟ್ರಿಕ್ ಯೂನಿಟ್ ಅನ್ನುತ್ತಾರೆ. 1ಎಚ್‌ಎಚ್‌ಒ ಮನುಷ್ಯನ ಆಕ್ಸಿಹಿಮೋಗ್ಲೋಬಿನ್, 1983ರಲ್ಲಿ ಪ್ರಕಟವಾದ ರಚನೆ. ಅದರ ಅಸಿಮ್ಮೆಟ್ರಿಕ್ ಯೂನಿಟ್‌ನಲ್ಲಿ ಒಂದು ಆಲ್ಫಾ ಚೈನ್, ಒಂದು ಬೀಟಾ ಚೈನ್ ಮಾತ್ರ. ಉಳಿದ ಅರ್ಧವನ್ನು ಸಿಮ್ಮೆಟ್ರಿಯಿಂದ ನೀವೇ ಮಾಡಿಕೊಳ್ಳಬೇಕು. ಹೇಗೆ ಮಾಡಬೇಕು ಅನ್ನುವುದು ಫೈಲ್‌ನಲ್ಲೇ ರಿಮಾರ್ಕ್ 350 ಅನ್ನುವ ಸಾಲುಗಳಲ್ಲಿ ಬರೆದಿರುತ್ತದೆ.

ಇದು ಸಣ್ಣ ವಿಷಯ ಅಲ್ಲ. ನಿಮಗೆ ಸಿಕ್ಕಿದ್ದು ಆಲ್ಫಾ1 ಮತ್ತು ಬೀಟಾ1 ನಡುವಿನ ಇಂಟರ್‌ಫೇಸ್. ಅದು ಗಟ್ಟಿ. ಆಕ್ಸಿಜನ್ ಬಂದರೂ ಹೋದರೂ ಜಾಸ್ತಿ ಅಲುಗಾಡುವುದಿಲ್ಲ. ನಿಮಗೆ ಸಿಗದೇ ಹೋದದ್ದು ಆಲ್ಫಾ1 ಮತ್ತು ಉಳಿದ ಅರ್ಧದ ಬೀಟಾ2 ನಡುವಿನದು. ಹಿಮೋಗ್ಲೋಬಿನ್‌ನ ಇಡೀ ಕೆಲಸ ನಡೆಯುವುದೇ ಅಲ್ಲಿ. ಆಕ್ಸಿಜನ್ ಸೇರಿದಾಗ ಒಂದು ಆಲ್ಫಾ ಬೀಟಾ ಜೋಡಿ ಇನ್ನೊಂದರ ಮೇಲೆ ಸುಮಾರು 15 ಡಿಗ್ರಿ ತಿರುಗುತ್ತದೆ, ಆ ಜಾರುವಿಕೆ ಆಗುವುದು ಇದೇ ಇಂಟರ್‌ಫೇಸ್‌ನಲ್ಲಿ. ಒಂದು ಚೈನ್‌ಗೆ ಆಕ್ಸಿಜನ್ ಸಿಕ್ಕರೆ ಮಿಕ್ಕವಕ್ಕೆ ಸುಲಭವಾಗುತ್ತದೆ ಅಂತ ಓದಿರುತ್ತೀರಲ್ಲ, ಅದರ ಯಂತ್ರ ಇದು. ಹಿಮೋಗ್ಲೋಬಿನ್ ಪಟ್ಟಿ ಮಾಡಿ ಇದನ್ನೇ ಬಿಟ್ಟರೆ ಆ ಪಟ್ಟಿ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ಹಾಗಾಗಿ ಯಾವಾಗಲೂ ಬಯಲಾಜಿಕಲ್ ಅಸೆಂಬ್ಲಿ ಫೈಲ್, ಅಂದರೆ ದೇಹದಲ್ಲಿ ಕೆಲಸ ಮಾಡುವ ಪೂರ್ತಿ ಜೋಡಣೆಯ ಫೈಲ್, ಇಳಿಸಿಕೊಳ್ಳಿ. ಸುಮ್ನೆ ಕೋಡ್ ಕೊಟ್ಟು ಬಂದ ಫೈಲ್ ಅಲ್ಲ.

ಕೋಡ್_ಗೋಕಾಕ:

ಮೇಷ್ಟ್ರು ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ, ಇಲ್ಲಾಂದ್ರೆ ನೀವು ಅಸೆಂಬ್ಲಿ ಫೈಲ್ ಇಳಿಸಿದ ಮೇಲೂ ಅದೇ ಉತ್ತರ ಬರುತ್ತದೆ. ಹಳೇ ಪಿಡಿಬಿ ಫಾರ್ಮ್ಯಾಟ್‌ನ ಅಸೆಂಬ್ಲಿ ಫೈಲ್‌ನಲ್ಲಿ ಸಿಮ್ಮೆಟ್ರಿಯಿಂದ ಬಂದ ಪ್ರತಿಯನ್ನು ಎರಡನೇ ಮಾಡೆಲ್ ಅಂತ ಬರೆದಿರುತ್ತಾರೆ. ಚೈನ್ ಹೆಸರು ಎರಡರಲ್ಲೂ ಎ, ಬಿ ಅಂತಲೇ ಇರುತ್ತದೆ. ಬಯೋಪೈಥಾನ್‌ನಲ್ಲಿ ಎಲ್ಲರೂ ಅಭ್ಯಾಸಬಲದಿಂದ ಸೊನ್ನೆಯನೇ ಮಾಡೆಲ್ ಮಾತ್ರ ತೆಗೆದುಕೊಳ್ಳುತ್ತಾರೆ. ಎನ್‌ಎಂಆರ್ (ಕ್ರಿಸ್ಟಲ್ ಇಲ್ಲದೆ ದ್ರಾವಣದಲ್ಲಿ ರಚನೆ ನೋಡುವ ವಿಧಾನ) ಫೈಲ್‌ಗೆ ಅದು ಸರಿ, ಯಾಕಂದ್ರೆ ಅಲ್ಲಿ ಮಾಡೆಲ್‌ಗಳು ಒಂದೇ ಅಣುವಿನ ಬೇರೆ ಬೇರೆ ರೂಪಗಳು. ಅಸೆಂಬ್ಲಿ ಫೈಲ್‌ನಲ್ಲಿ ಮಾಡೆಲ್‌ಗಳೆಲ್ಲ ಒಟ್ಟಿಗೆ ಇರುವ ತುಣುಕುಗಳು. ಪಿಡಿಬಿಯ ಹೊಸ ಎಂಎಂಸಿಫ್ ಫಾರ್ಮ್ಯಾಟ್‌ನ ಅಸೆಂಬ್ಲಿ ತೆಗೆದುಕೊಂಡರೆ ಪ್ರತಿಗೆ ಎ-2, ಬಿ-2 ಅಂತ ಬೇರೆ ಹೆಸರೇ ಇರುತ್ತದೆ, ರಗಳೆ ಇಲ್ಲ.

ವಿಸ್ತೀರ್ಣದ ಪ್ರಶ್ನೆ ಸುಲಭ. ನಿಮ್ಮದೂ ಸರಿ, ಪೀಸಾದ್ದೂ ಸರಿ. ನೀರಿನ ಅಣುವಿನಷ್ಟು, ಅಂದರೆ 1.4 ಆಂಗ್‌ಸ್ಟ್ರಾಮ್ ತ್ರಿಜ್ಯದ ಒಂದು ಗೋಲಿಯನ್ನು ಪ್ರೋಟೀನ್ ಮೈಮೇಲೆ ಉರುಳಿಸಿದರೆ ಅದರ ಕೇಂದ್ರ ಎಷ್ಟು ಜಾಗದಲ್ಲಿ ಓಡಾಡುತ್ತದೋ ಅದು ತೆರೆದ ಮೇಲ್ಮೈ. ಲೀ ಮತ್ತು ರಿಚರ್ಡ್ಸ್ 1971ರಲ್ಲಿ ಹೇಳಿಕೊಟ್ಟ ದಾರಿ ಇದು. ಎ ಒಂಟಿಯಾಗಿದ್ದಾಗ ಎಷ್ಟು, ಬಿ ಒಂಟಿಯಾಗಿದ್ದಾಗ ಎಷ್ಟು, ಎರಡನ್ನೂ ಕೂಡಿಸಿ. ಅದರಿಂದ ಜೋಡಿಯಾಗಿದ್ದಾಗಿನ ಮೇಲ್ಮೈ ಕಳೆಯಿರಿ. ಬಂದದ್ದು ಒಟ್ಟು ಮುಚ್ಚಿಹೋದ ಮೇಲ್ಮೈ. ಪೀಸಾ ಅದನ್ನು ಎರಡರಿಂದ ಭಾಗಿಸಿ ಇಂಟರ್‌ಫೇಸ್ ವಿಸ್ತೀರ್ಣ ಅನ್ನುತ್ತದೆ, ಯಾಕಂದ್ರೆ ಅದೇ ಜಾಗವನ್ನು ಎರಡೂ ಕಡೆಯಿಂದ ಎಣಿಸಿದಂತಾಗಿರುತ್ತದೆ.

ಹಳೇ ಲೇಖನ ಓದುವಾಗ ಇದು ನೆನಪಿರಲಿ. ಲೋ ಕಾಂಟೆ, ಚೋಥಿಯಾ, ಜಾನಿನ್ 1999ರಲ್ಲಿ 75 ಸಂಕೀರ್ಣಗಳನ್ನು ನೋಡಿ ಸಾಮಾನ್ಯ ಇಂಟರ್‌ಫೇಸ್ ಅಂದರೆ 1600 ಚದರ ಆಂಗ್‌ಸ್ಟ್ರಾಮ್, 400 ಹೆಚ್ಚು ಕಡಿಮೆ, ಅಂತ ಬರೆದರು. ಅದು ಒಟ್ಟು ಲೆಕ್ಕ. ಪೀಸಾ ಲೆಕ್ಕದಲ್ಲಿ ಅದೇ 800 ಆಗುತ್ತದೆ. ಒಬ್ಬರ ಗೆರೆಯನ್ನು ಇನ್ನೊಬ್ಬರ ಲೆಕ್ಕಕ್ಕೆ ಹಾಕಿದರೆ ಅರ್ಧ ಪಟ್ಟಿಯೇ ಹಾರಿಹೋಗುತ್ತದೆ. ಕಾಲಂ ಹೆಸರಲ್ಲೇ ಒಟ್ಟು ಅಥವಾ ಅರ್ಧ ಅಂತ ಬರೆದುಬಿಡಿ.

ಇನ್ನೊಂದು. ನೀರು ತೆಗೆದಿದ್ದೀರಿ, ಸರಿ. ಹೀಮ್, ಅಂದರೆ ಹಿಮೋಗ್ಲೋಬಿನ್‌ನಲ್ಲಿ ಆಕ್ಸಿಜನ್ ಹಿಡಿಯುವ ಕಬ್ಬಿಣದ ಭಾಗ, ಅದನ್ನೂ ತೆಗೆದಿದ್ದೀರಾ? ಅದೂ ಹೆಟ್‌ಆಟಂ (ಅಮೈನೋ ಆಮ್ಲವಲ್ಲದ ಪರಮಾಣುಗಳ) ಸಾಲಿನಲ್ಲೇ ಇರುತ್ತದೆ, ಒಂದೇ ಕಮಾಂಡಿನಲ್ಲಿ ನೀರಿನ ಜೊತೆ ಅದೂ ಹೋಗಿಬಿಡುತ್ತದೆ. ಮುಚ್ಚಿದ ವಿಸ್ತೀರ್ಣಕ್ಕೆ ಅಷ್ಟೇನೂ ವ್ಯತ್ಯಾಸ ಆಗದು, ಕಳೆಯುವಾಗ ರದ್ದಾಗುತ್ತದೆ. ಆದರೆ ಯಾವ ಅಮೈನೋ ಆಮ್ಲ ಒಳಗಿದೆ, ಯಾವುದು ಹೊರಗಿದೆ ಅಂತ ವಿಂಗಡಿಸುವಾಗ ಹೀಮ್ ಗೂಡಿನ ಒಳಗೋಡೆಯೆಲ್ಲ ಹೊರಮೈ ಅಂತ ಬರುತ್ತದೆ.

ಘಟಪ್ರಭಾ_ಬಿಟಿ:

ಹೌದು ಸರ್, ಹೆಟ್‌ಆಟಂ ಎಲ್ಲಾ ತೆಗೆದಿದ್ದೆವು. ಇವತ್ತೇ ಬದಲಾಯಿಸುತ್ತೇವೆ. ಮಾಡೆಲ್ ವಿಷಯ ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್.

1ಬಿಆರ್‌ಎಸ್‌ನಲ್ಲಿ ಮೂರು ಸಲ ಬರೋದು? ಮತ್ತೆ ಆ ಚಿಕ್ಕ ಸಂಪರ್ಕಗಳು?

ಗುಮ್ಮಟನಗರಿ (ವಿಜಯಪುರ):

ಅದಕ್ಕೆ ನಾನು ಹೇಳುತ್ತೇನೆ. ಎಂಎಸ್ಸಿಯಲ್ಲಿ ನಾನು ಮಾಡಿದ್ದೂ ಇದೇ ಕೆಲಸ.

1ಬಿಆರ್‌ಎಸ್‌ನಲ್ಲಿ ನಿಮ್ಮ ಹಿಮೋಗ್ಲೋಬಿನ್ ಸಮಸ್ಯೆಯ ತಿರುವುಮುರುವು ಆಗಿದೆ. ಅಲ್ಲಿ ಅಣುವಿನ ಅರ್ಧ ಇತ್ತು, ಇಲ್ಲಿ ಒಂದೇ ಅಣು ಮೂರು ಪ್ರತಿಯಲ್ಲಿದೆ. ಎ, ಬಿ, ಸಿ ಬಾರ್ನೇಸ್. ಡಿ, ಇ, ಎಫ್ ಬಾರ್‌ಸ್ಟಾರ್. ಎ-ಡಿ, ಬಿ-ಇ, ಸಿ-ಎಫ್ ನಿಜವಾದ ಜೋಡಿಗಳು. ಪಟ್ಟಿಯಲ್ಲಿ ಅವು ಒಂದೇ ಇಂಟರ್‌ಫೇಸ್‌ನ ಮೂರು ಸಾಕ್ಷಿಗಳು, ಮೂರು ಇಂಟರ್‌ಫೇಸ್ ಅಲ್ಲ. ಮೂರನ್ನೂ ಇಟ್ಟುಕೊಂಡು ಒಂದೇ ಗುಂಪಿನ ನಂಬರ್ ಕೊಡಿ. ಮೂರರಲ್ಲೂ ಬರುವ ಅಮೈನೋ ಆಮ್ಲ ಯಾವುದು, ಒಂದರಲ್ಲಿ ಮಾತ್ರ ಬರುವುದು ಯಾವುದು ಅಂತ ನೋಡಿದರೆ ನಿಮ್ಮ 5 ಆಂಗ್‌ಸ್ಟ್ರಾಮ್ ಗೆರೆ ಎಷ್ಟು ಅಲುಗಾಡುತ್ತದೆ ಅನ್ನುವುದೂ ಗೊತ್ತಾಗುತ್ತದೆ.

ಎ ಮತ್ತು ಬಿ ನಡುವೆ ಕಾಣುವುದು ಕ್ರಿಸ್ಟಲ್ ಸಂಪರ್ಕ. ಕ್ರಿಸ್ಟಲ್‌ನಲ್ಲಿ ಅಣುಗಳು ಒತ್ತೊತ್ತಾಗಿ ಕೂತಿರುತ್ತವೆ, ಹಾಗಾಗಿ ಎಲ್ಲವೂ ಪಕ್ಕದವರಿಗೆ ಎಲ್ಲೋ ಒಂದು ಕಡೆ ತಾಗುತ್ತವೆ. ಸೋಮವಾರ ಬೆಳಿಗ್ಗೆ ವಿಜಯಪುರದಿಂದ ಹೊರಡುವ ಬಸ್ಸಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತವರೆಲ್ಲ ನೆಂಟರಲ್ಲ, ಅಲ್ವಾ? ನೆಂಟರು ಯಾರು, ಸುಮ್ನೆ ತಾಗಿದವರು ಯಾರು ಅಂತ ಹೇಗೆ ಗುರುತಿಸುವುದು ಅನ್ನುವುದೇ ಈ ಕ್ಷೇತ್ರದ ದೊಡ್ಡ ಪ್ರಶ್ನೆ. ಬೇರೆ ಬೇರೆಯವರು ಬೇರೆ ಬೇರೆ ದಾರಿ ಹಿಡಿದಿದ್ದಾರೆ.

ಪೀಸಾ ಮಾಡಿದ ಕ್ರಿಸ್ಸಿನೆಲ್ ಮತ್ತು ಹೆನ್ರಿಕ್, 2007, ಶಕ್ತಿಯ ಲೆಕ್ಕ ಹಾಕುತ್ತಾರೆ. ಈ ಜೋಡಣೆ ದ್ರಾವಣದಲ್ಲಿ ಬಿಡಿಸಿಕೊಳ್ಳುತ್ತದೋ, ಹಾಗೇ ಉಳಿಯುತ್ತದೋ ಅಂತ. ಸ್ವಿಟ್ಜರ್ಲೆಂಡ್‌ನಲ್ಲಿ ಮಾಡಿದ ಎಪಿಕ್ ವಿಕಾಸವನ್ನು ನೋಡುತ್ತದೆ. ಇಂಟರ್‌ಫೇಸ್‌ನ ನಡುವಿನ ಅಮೈನೋ ಆಮ್ಲಗಳು ಬೇರೆ ಬೇರೆ ಜೀವಿಗಳಲ್ಲೂ ಹಾಗೇ ಉಳಿದಿದ್ದರೆ ಅದು ನಿಜವಾದದ್ದು ಇರಬಹುದು. ಫಿಲಡೆಲ್ಫಿಯಾದ ಡನ್‌ಬ್ರಾಕ್ ಗುಂಪಿನ ಪ್ರಾಟ್‌ಸಿಡ್ ಇನ್ನೂ ನೇರ. ಅದೇ ಕುಟುಂಬದ ಪ್ರೋಟೀನ್‌ಗಳನ್ನು ಬೇರೆ ಬೇರೆ ರೀತಿಯ ಕ್ರಿಸ್ಟಲ್ ಮಾಡಿದಾಗಲೂ ಅದೇ ಇಂಟರ್‌ಫೇಸ್ ಮತ್ತೆ ಮತ್ತೆ ಸಿಕ್ಕರೆ ಅದು ಆಕಸ್ಮಿಕ ಅಲ್ಲ ಅನ್ನುತ್ತದೆ. ನನಗೆ ಈ ಮೂರನೆಯದರ ಮೇಲೆ ನಂಬಿಕೆ ಜಾಸ್ತಿ, ಯಾಕಂದ್ರೆ ಅಲ್ಲಿ ಸೂತ್ರಕ್ಕಿಂತ ಸಾಕ್ಷಿ ಮುಂದೆ ಬರುತ್ತದೆ.

ನಮ್ಮ ದೇಶದವರ ಕೆಲಸವೂ ಇದೆ. ಕೋಲ್ಕತ್ತಾದ ಬೋಸ್ ಇನ್‌ಸ್ಟಿಟ್ಯೂಟ್‌ನ ಪಿನಾಕ್ ಚಕ್ರವರ್ತಿ, ಫ್ರಾನ್ಸ್‌ನ ಜಾನಿನ್ ಮತ್ತು ಜೊತೆಗಾರರು 2004ರಲ್ಲಿ ದೊಡ್ಡ ದೊಡ್ಡ ಕ್ರಿಸ್ಟಲ್ ಸಂಪರ್ಕಗಳನ್ನೇ ಆರಿಸಿಕೊಂಡು ನಿಜವಾದ ಇಂಟರ್‌ಫೇಸ್‌ಗಳ ಜೊತೆ ಹೋಲಿಸಿದರು. ಗಾತ್ರ ಒಂದೇ ಇದ್ದರೂ ಕ್ರಿಸ್ಟಲ್ ಸಂಪರ್ಕದಲ್ಲಿ ಪರಮಾಣುಗಳು ಸಡಿಲವಾಗಿ ಕೂತಿರುತ್ತವೆ, ಪೂರ್ತಿ ಮುಚ್ಚಿಹೋದ ಪರಮಾಣುಗಳು ಕಡಿಮೆ. ಅಂದರೆ ವಿಸ್ತೀರ್ಣ ಒಂದನ್ನೇ ನೋಡಿ ತೀರ್ಮಾನ ಮಾಡಲು ಆಗುವುದಿಲ್ಲ.

ಘಟಪ್ರಭಾ_ಬಿಟಿ:

ಅಕ್ಕಾ, ಇದು ಚೆನ್ನಾಗಿ ಅರ್ಥ ಆಯ್ತು. ಆದರೂ ಒಂದು ಗೆರೆ ಬೇಕೇ ಬೇಕಲ್ಲ? ನೂರಾರು ಫೈಲ್ ಓಡಿಸಿದರೆ ಸಾವಿರಾರು ಸಣ್ಣ ಸಂಪರ್ಕ ಬರುತ್ತವೆ. ಇಷ್ಟಕ್ಕಿಂತ ಚಿಕ್ಕದೆಲ್ಲ ಬಿಡಿ ಅಂದರೆ ಕೆಲಸ ಹಗುರ. ಯಾವುದಾದರೂ ನಿಜವಾದದ್ದು ಅಷ್ಟು ಚಿಕ್ಕದಿರುತ್ತಾ?

ಲ್ಯಾಬ್_ಕ್ಯಾಂಪ್ (ಬೆಳಗಾವಿ):

ಇರುತ್ತದೆ. ಅದನ್ನು ನಾವು ಟೆಸ್ಟ್ ಟ್ಯೂಬಿನಲ್ಲಿ ಕಣ್ಣಾರೆ ನೋಡುತ್ತೇವೆ.

ನಾನು ಆಸ್ಪತ್ರೆ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ, ಕಂಪ್ಯೂಟರ್ ಕಡೆಯವನಲ್ಲ. ಕುಡಗೋಲು ಕಣ (ಸಿಕಲ್ ಸೆಲ್) ರೋಗಕ್ಕೆ ಸಾಲ್ಯುಬಿಲಿಟಿ ಟೆಸ್ಟ್ ಅಂತ ಮಾಡುತ್ತೇವೆ. ರಕ್ತಕಣ ಒಡೆದು, ಫಾಸ್ಫೇಟ್ ಬಫರ್‌ನಲ್ಲಿ ಸೋಡಿಯಂ ಡೈಥಯೊನೈಟ್ ಹಾಕಿ ಆಕ್ಸಿಜನ್ ತೆಗೆದುಬಿಡುತ್ತೇವೆ. ಟ್ಯೂಬಿನ ಹಿಂದೆ ಕಪ್ಪು ಗೆರೆ ಎಳೆದ ಬಿಳಿ ಕಾಗದ ಹಿಡಿಯುತ್ತೇವೆ. ಸಾಮಾನ್ಯ ರಕ್ತ ಆದರೆ ಕೆಂಪು ದ್ರವದ ಆಚೆ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಈ ರೋಗದ ಎಸ್ ಹಿಮೋಗ್ಲೋಬಿನ್ ಇದ್ದರೆ ಇಡೀ ಟ್ಯೂಬ್ ಮೋಡ ಕಟ್ಟಿದಂತೆ ಆಗಿ ಗೆರೆಯೇ ಕಾಣುವುದಿಲ್ಲ. ರೋಗ ಪೂರ್ತಿ ಇದೆಯೋ ಅಥವಾ ಅಪ್ಪ ಅಮ್ಮ ಒಬ್ಬರಿಂದ ಮಾತ್ರ ಬಂದಿದೆಯೋ ಅನ್ನುವುದು ಇದರಲ್ಲಿ ತಿಳಿಯುವುದಿಲ್ಲ, ಅದಕ್ಕೆ ಎಚ್‌ಪಿಎಲ್‌ಸಿಯಂಥ, ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸುವ ಪರೀಕ್ಷೆ ಮಾಡಲೇಬೇಕು. ಆದರೆ ಆ ಕದಡಿದ ಬಣ್ಣ ಬಂದಿದ್ದು ಎಲ್ಲಿಂದ? ಒಂದು ಹಿಮೋಗ್ಲೋಬಿನ್ ಇನ್ನೊಂದಕ್ಕೆ ಅಂಟಿಕೊಂಡು ಕರಗದೆ ಉಳಿದದ್ದರಿಂದ. ಆ ಅಂಟುವ ಜಾಗ ನೀವು ಹೇಳುವ ಗೆರೆಯ ಕೆಳಗೇ ಬರಬಹುದು ಅಂತ ನನ್ನ ಅನಿಸಿಕೆ. ಮೇಷ್ಟ್ರೇ, ನೀವು ಹೇಳಿರಿ.

ತಿಳಕವಾಡಿ_ಮೇಷ್ಟ್ರು:

ಹೌದ್ರೀ, ನಾನೂ ಅಲ್ಲಿಗೇ ಬರುವವನಿದ್ದೆ. ಈ ಉದಾಹರಣೆ ಬಿಟ್ಟು ಇಂಟರ್‌ಫೇಸ್ ಪಾಠ ಮಾಡಬಾರದು.

ಬೀಟಾ ಚೈನ್‌ನ ಆರನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕು. ಎಸ್ ಹಿಮೋಗ್ಲೋಬಿನ್‌ನಲ್ಲಿ ಅಲ್ಲಿ ವ್ಯಾಲಿನ್ ಬಂದಿದೆ. ಗ್ಲುಟಾಮಿಕ್ ಆಮ್ಲಕ್ಕೆ ನೀರು ಬೇಕು, ವ್ಯಾಲಿನ್‌ಗೆ ನೀರು ಬೇಡ. ಆಕ್ಸಿಜನ್ ಬಿಟ್ಟ ಸ್ಥಿತಿಯಲ್ಲಿ ಪಕ್ಕದ ಇನ್ನೊಂದು ಹಿಮೋಗ್ಲೋಬಿನ್‌ನ ಬೀಟಾ ಚೈನ್ ಮೇಲೆ ಫಿನೈಲ್‌ಅಲನಿನ್ 85 ಮತ್ತು ಲ್ಯೂಸಿನ್ 88 ಸೇರಿ ಒಂದು ಸಣ್ಣ ಗುಳಿ ಮಾಡಿಕೊಂಡಿರುತ್ತವೆ. ವ್ಯಾಲಿನ್ ಅದರೊಳಗೆ ಹೋಗಿ ಕೂರುತ್ತದೆ. ಹೀಗೆ ಒಂದರ ಪಕ್ಕ ಒಂದು ಸೇರಿ ಉದ್ದನೆಯ ಎಳೆ ಆಗುತ್ತದೆ, ಎಳೆಗಳು ಕೆಂಪು ಕಣವನ್ನು ಕುಡಗೋಲಿನ ಆಕಾರಕ್ಕೆ ಎಳೆಯುತ್ತವೆ. ಪಾಲಿಂಗ್ ಗುಂಪು 1949ರಲ್ಲಿ ಇದು ಅಣುವಿನ ರೋಗ ಅಂತ ತೋರಿಸಿತು. ಕೆಲವೇ ವರ್ಷದಲ್ಲಿ ಇಂಗ್ರಾಮ್ ಆ ಒಂದು ಅಮೈನೋ ಆಮ್ಲದ ಬದಲಾವಣೆಯನ್ನು ಹಿಡಿದರು.

ಈಗ 2ಎಚ್‌ಬಿಎಸ್ ಫೈಲ್ ತೆಗೆಯಿರಿ. ಎಸ್ ಹಿಮೋಗ್ಲೋಬಿನ್‌ನ 1997ರ ರಚನೆ. ಅದರಲ್ಲಿ ಎರಡು ಪೂರ್ತಿ ಹಿಮೋಗ್ಲೋಬಿನ್ ಇವೆ, ಎ ಇಂದ ಎಚ್ ತನಕ ಎಂಟು ಚೈನ್. ಒಂದೊಂದು ಹಿಮೋಗ್ಲೋಬಿನ್ ಒಳಗಿನ ಇಂಟರ್‌ಫೇಸ್‌ಗಳು ದೊಡ್ಡವು, ನಿಮ್ಮ ಸ್ಕ್ರಿಪ್ಟ್ ಅವನ್ನು ಬಿಡುವುದಿಲ್ಲ. ಎರಡು ಹಿಮೋಗ್ಲೋಬಿನ್ ನಡುವಿನದು ಅವುಗಳ ಮುಂದೆ ಬಹಳ ಚಿಕ್ಕದು. ಗೆರೆ ಎಳೆದರೆ ಮೊದಲು ಬೀಳುವುದು ಅದೇ. ಅಷ್ಟೇ ಅಲ್ಲ, ಅದು ಅಕ್ಷರಶಃ ಕ್ರಿಸ್ಟಲ್‌ನಲ್ಲಿ ಪಕ್ಕದ ಅಣುವಿನ ಜೊತೆ ಆದ ಸಂಪರ್ಕ. ದೇಹದೊಳಗಿನ ಎಳೆಯಲ್ಲಿ ಅಣುಗಳು ಎರಡು ಸಾಲಾಗಿ ಜೋಡಿಸಿಕೊಂಡಿರುತ್ತವೆ, ಈ ಕ್ರಿಸ್ಟಲ್‌ನಲ್ಲೂ ಆ ಜೋಡಿ ಸಾಲು ಸಿಗುತ್ತದೆ. ಅದಕ್ಕೇ ಈ ಫೈಲ್‌ಗೆ ಅಷ್ಟು ಬೆಲೆ.

ವಿಜಯಪುರದ ತಂಗಿ ಹೇಳಿದ್ದು ಸರಿ, ಆದರೆ ಇಲ್ಲಿ ಮೂರೂ ದಾರಿ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತವೆ. ಇದು ವಿಕಾಸದಲ್ಲಿ ಉಳಿದು ಬಂದ ಇಂಟರ್‌ಫೇಸ್ ಅಲ್ಲ, ಒಂದು ಮ್ಯುಟೇಷನ್‌ನಿಂದ ಹೊಸದಾಗಿ ಹುಟ್ಟಿದ್ದು. ಸಾಮಾನ್ಯ ಹಿಮೋಗ್ಲೋಬಿನ್‌ನ 1ಎ3ಎನ್ ಫೈಲ್‌ನಲ್ಲಿ ನಾಲ್ಕೂ ಚೈನ್ ಇದ್ದರೂ ಆರನೇ ಜಾಗದ ವ್ಯಾಲಿನ್ನೇ ಇಲ್ಲ. ಇಡೀ ಜಗತ್ತಿನಲ್ಲಿ ಲಕ್ಷಾಂತರ ಜನರ ನೋವಿಗೆ ಕಾರಣವಾದ ಇಂಟರ್‌ಫೇಸ್ ಇದು. ನಮ್ಮ ದೇಶದಲ್ಲಿ 2023ರ ಜುಲೈನಲ್ಲಿ ಇದರ ನಿರ್ಮೂಲನೆಗೆ ಅಂತಲೇ ರಾಷ್ಟ್ರೀಯ ಮಿಷನ್ ಶುರು ಮಾಡಿ 2047ರ ಗುರಿ ಇಟ್ಟಿದ್ದಾರೆ. ನಿಮ್ಮ ಪಟ್ಟಿಯಲ್ಲಿ ಅದಕ್ಕೆ ಜಾಗ ಇಲ್ಲ ಅಂದರೆ ಹೇಗೆ?

ಹಾಗಾಗಿ ನನ್ನ ಮಾತು ಇಷ್ಟು. ಪಟ್ಟಿಯಿಂದ ಯಾವುದನ್ನೂ ಎಸೆಯಬೇಡಿ. ಸಿಕ್ಕ ಸಂಪರ್ಕ ಎಲ್ಲಾ ಇರಲಿ. ಪಕ್ಕದಲ್ಲಿ ಎರಡು ಕಾಲಂ ಹಾಕಿ, ಒಂದರಲ್ಲಿ ಇದು ನಿಜವಾದದ್ದು, ಕ್ರಿಸ್ಟಲ್‌ನದು, ಅಥವಾ ಗೊತ್ತಿಲ್ಲ ಅಂತ. ಇನ್ನೊಂದರಲ್ಲಿ ಹಾಗೆ ಅನ್ನಲು ಕಾರಣ ಏನು ಅಂತ. ಗೆರೆ ಎಳೆಯುವುದು ಪಟ್ಟಿ ಓದುವವರ ಕೆಲಸ, ಮಾಡುವವರದ್ದಲ್ಲ.

ಕೋಡ್_ಗೋಕಾಕ:

ಇದೇ ಫೈಲ್‌ನಲ್ಲಿ ಇನ್ನೊಂದು ಗುಂಡಿ ಇದೆ, ನೋಡಿಕೊಳ್ಳಿ. ಪಿಡಿಬಿಯಲ್ಲಿ ಆರು ಅಂತ ಇರುವುದು ಪ್ರೋಟೀನ್ ಸೀಕ್ವೆನ್ಸ್‌ಗಳ ಸಂಗ್ರಹವಾದ ಯೂನಿಪ್ರಾಟ್‌ನ ಪಿ68871 (ಬೀಟಾ ಚೈನ್) ದಾಖಲೆಯಲ್ಲಿ ಏಳು. ಅವರು ಮೊದಲ ಮೆಥಿಯೊನಿನ್ ಸೇರಿಸಿ ಎಣಿಸುತ್ತಾರೆ, ಪಕ್ವವಾದ ಪ್ರೋಟೀನ್‌ನಲ್ಲಿ ಅದು ಇರುವುದಿಲ್ಲ. ಹಾಗೇ 85 ಅಲ್ಲಿ 86, 88 ಅಲ್ಲಿ 89. ಈಗಿನ ಜೆನೆಟಿಕ್ ರಿಪೋರ್ಟ್‌ಗಳೂ ಏಳು ಅಂತಲೇ ಬರೆಯುತ್ತವೆ. ಮ್ಯುಟೇಷನ್ ಡೇಟಾವನ್ನು ನಿಮ್ಮ ಪಟ್ಟಿಗೆ ಜೋಡಿಸುವಾಗ ಕೈಯಿಂದ ಒಂದು ಕೂಡಿಸುತ್ತಾ ಕೂರಬೇಡಿ, ಬೇರೆ ಪ್ರೋಟೀನ್‌ನಲ್ಲಿ ವ್ಯತ್ಯಾಸ ಒಂದೇ ಇರುವುದಿಲ್ಲ. ಸಿಫ್ಟ್ಸ್ ಅಂತ ಯುರೋಪಿನ ಪಿಡಿಬಿಯವರು ಎರಡೂ ನಂಬರಿನ ಕೋಷ್ಟಕ ಕೊಡುತ್ತಾರೆ, ಅದನ್ನೇ ಬಳಸಿ. ಪಟ್ಟಿಯಲ್ಲಿ ಎರಡೂ ನಂಬರ್ ಇರಲಿ.

ಗುಮ್ಮಟನಗರಿ:

ಮೇಷ್ಟ್ರು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಎಸೆಯಬೇಡಿ, ಗುರುತು ಹಾಕಿ.

ವಿಸ್ತೀರ್ಣದ ಮೇಲೆ ಅಷ್ಟು ಭರವಸೆ ಇಡಬಾರದು ಅನ್ನುವುದಕ್ಕೆ ಇನ್ನೊಂದು ಕಾರಣ. ಕ್ಲಾಕ್‌ಸನ್ ಮತ್ತು ವೆಲ್ಸ್ 1995ರಲ್ಲಿ ಮನುಷ್ಯನ ಬೆಳವಣಿಗೆ ಹಾರ್ಮೋನ್ ಮತ್ತು ಅದನ್ನು ಹಿಡಿಯುವ ರಿಸೆಪ್ಟರ್ ನಡುವೆ ಒಂದೊಂದೇ ಅಮೈನೋ ಆಮ್ಲವನ್ನು ಅಲನಿನ್ ಆಗಿ ಬದಲಾಯಿಸಿ ನೋಡಿದರು. ತಾಗಿಕೊಂಡಿದ್ದ ಅಮೈನೋ ಆಮ್ಲಗಳಲ್ಲಿ ಬಹುಪಾಲು ತೆಗೆದರೂ ಬಂಧ ಅಷ್ಟೇನೂ ಸಡಿಲ ಆಗಲಿಲ್ಲ. ರಿಸೆಪ್ಟರ್‌ನ ಎರಡು ಟ್ರಿಪ್ಟೋಫಾನ್, 104 ಮತ್ತು 169, ಅವುಗಳಲ್ಲಿ ಒಂದನ್ನು ಬದಲಾಯಿಸಿದರೂ ಬಂಧ ಕುಸಿದುಬಿಟ್ಟಿತು. ಹಾಟ್ ಸ್ಪಾಟ್ ಅನ್ನುವ ಮಾತು ಇಂಥ ಕೆಲಸದಿಂದ ಬೇರೂರಿತು. ಅಲನಿನ್ ಮಾಡಿದಾಗ ಬಂಧದ ಶಕ್ತಿ ಮೋಲ್‌ಗೆ 2 ಕಿಲೋಕ್ಯಾಲರಿಗಿಂತ ಜಾಸ್ತಿ ಇಳಿದರೆ ಹಾಟ್ ಸ್ಪಾಟ್ ಅನ್ನುವುದು ರೂಢಿ. ಟ್ರಿಪ್ಟೋಫಾನ್, ಟೈರೋಸಿನ್, ಆರ್ಜಿನಿನ್ ಅಲ್ಲಿ ಹೆಚ್ಚಾಗಿ ಸಿಗುತ್ತವೆ.

ಇನ್ನು ಒಂದು ಫೈಲ್ ನಿಮ್ಮ ಪಟ್ಟಿಯಲ್ಲಿ ಇರಲೇಬೇಕು ಅಂತ ನನ್ನ ಆಸೆ. 2ಪಿಇಎಲ್. ಶೇಂಗಾ ಲೆಕ್ಟಿನ್, ಅಂದರೆ ಸಕ್ಕರೆಗೆ ಅಂಟುವ ಪ್ರೋಟೀನ್. ನಾವು ದಿನಾ ಹಿಂಡಿ ಮಾಡಿ ರೊಟ್ಟಿ ಜೊತೆ ತಿನ್ನುವ ಶೇಂಗಾದ್ದೇ ಪ್ರೋಟೀನ್. ಬೆಂಗಳೂರಿನ ಐಐಎಸ್‌ಸಿಯಲ್ಲಿ ಎಂ. ವಿಜಯನ್ ಅವರ ಗುಂಪು ಇದರ ರಚನೆಯನ್ನು 1994ರಲ್ಲಿ ಪ್ರಕಟಿಸಿತು. ತಲಾ 236 ಅಮೈನೋ ಆಮ್ಲದ ನಾಲ್ಕು ಒಂದೇ ಥರದ ಚೈನ್. ನಾಲ್ಕು ಒಂದೇ ಥರದ್ದು ಸೇರಿದರೆ ಅಚ್ಚುಕಟ್ಟಾದ ಸಿಮ್ಮೆಟ್ರಿ ಇರಬೇಕು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಇದರಲ್ಲಿ ಇಲ್ಲ. ನಾಲ್ಕು ಮಡಿಯ ಸಿಮ್ಮೆಟ್ರಿಯೂ ಇಲ್ಲ, ಮೂರು ಅಕ್ಷಗಳ ಸಾಮಾನ್ಯ ಜೋಡಣೆಯೂ ಇಲ್ಲ. ಒಂದೇ ಥರದ ಚೈನ್‌ಗಳು ಎಲ್ಲಾ ಕಡೆ ಒಂದೇ ರೀತಿ ಅಂಟಿಲ್ಲ. ಒಂದೇ ಥರದ ಚೈನ್ ಇದ್ದರೆ ಒಂದೇ ಇಂಟರ್‌ಫೇಸ್ ಅಂತ ನಿಮ್ಮ ಸ್ಕ್ರಿಪ್ಟ್ ಅಂದುಕೊಂಡು ಗುಂಪು ಮಾಡಿದರೆ ಇಲ್ಲಿ ಸಿಕ್ಕಿಬೀಳುತ್ತದೆ. ಸೀಕ್ವೆನ್ಸ್ ನೋಡಿ ಗುಂಪು ಮಾಡಬೇಡಿ, ಇಂಟರ್‌ಫೇಸ್‌ನ ಅಮೈನೋ ಆಮ್ಲಗಳನ್ನೇ ಹೋಲಿಸಿ ಗುಂಪು ಮಾಡಿ.

ವಿಜಯನ್ ಅವರು ಅದಕ್ಕೂ ಮೊದಲು ಆಕ್ಸ್‌ಫರ್ಡ್‌ನಲ್ಲಿ ಡೊರೊಥಿ ಹಾಜ್‌ಕಿನ್ ಜೊತೆ ಇನ್ಸುಲಿನ್ ರಚನೆ ಬಿಡಿಸಿದ ತಂಡದಲ್ಲಿದ್ದವರು, 1969. 2022ರಲ್ಲಿ ತೀರಿಕೊಂಡರು. ಇಷ್ಟು ದೊಡ್ಡ ಕೆಲಸ ನಮ್ಮ ರಾಜ್ಯದಲ್ಲೇ ಆಗಿದೆ, ನಮ್ಮ ಹುಡುಗ ಹುಡುಗಿಯರಿಗೆ ಗೊತ್ತಿರಬೇಕು ಅಂತ ನನಗೆ ತುಂಬಾ ಅನಿಸುತ್ತದೆ.

ಲ್ಯಾಬ್_ಕ್ಯಾಂಪ್:

ಇನ್ಸುಲಿನ್ ಮಾತು ಬಂತಲ್ಲ, ಅದೂ ಇದೇ ವಿಷಯ ಅಲ್ವಾ? ಲಿಸ್‌ಪ್ರೊ ಇನ್ಸುಲಿನ್ ಊಟಕ್ಕೆ ಸ್ವಲ್ಪ ಮುಂಚೆ ತೆಗೆದುಕೊಂಡರೆ ಸಾಕು ಅಂತ ಯಾಕೆ ಹೇಳುತ್ತಾರೆ?

ತಿಳಕವಾಡಿ_ಮೇಷ್ಟ್ರು:

ಅದೇ. ಸಾಮಾನ್ಯ ಇನ್ಸುಲಿನ್ ಬಾಟಲಿಯಲ್ಲಿ ಎರಡೆರಡಾಗಿ ಅಂಟಿಕೊಂಡು, ಆ ಜೋಡಿಗಳು ಮೂರು ಸೇರಿ ಸತುವಿನ ಸುತ್ತ ಆರರ ಗುಂಪಾಗಿರುತ್ತವೆ. ಚರ್ಮದ ಕೆಳಗೆ ಚುಚ್ಚಿದ ಮೇಲೆ ಅದು ಒಂಟಿ ಒಂಟಿಯಾಗಿ ಬಿಡಿಸಿಕೊಳ್ಳುವ ತನಕ ರಕ್ತಕ್ಕೆ ಬೇಗ ಹೋಗುವುದಿಲ್ಲ. ಲಿಸ್‌ಪ್ರೊದಲ್ಲಿ ಬಿ ಚೈನ್‌ನ 28ನೇ ಪ್ರೋಲಿನ್ ಮತ್ತು 29ನೇ ಲೈಸಿನ್ ಜಾಗ ಅದಲು ಬದಲು ಮಾಡಿದ್ದಾರೆ. ಆ ಜಾಗ ಇನ್ಸುಲಿನ್‌ಗೂ ಇನ್ಸುಲಿನ್‌ಗೂ ನಡುವಿನ ಇಂಟರ್‌ಫೇಸ್‌ನಲ್ಲಿದೆ. ಜೋಡಿ ಬೇಗ ಬಿಚ್ಚಿಕೊಳ್ಳುತ್ತದೆ. ರಿಸೆಪ್ಟರ್‌ಗೆ ಅಂಟುವ ಕೆಲಸ ಹಾಗೇ ಇರುತ್ತದೆ. 1996ರಿಂದ ಬಳಕೆಯಲ್ಲಿದೆ. ಯಾವ ಇಂಟರ್‌ಫೇಸ್ ಕೆಡಿಸಬೇಕು, ಯಾವುದನ್ನು ಮುಟ್ಟಬಾರದು ಅಂತ ಗೊತ್ತಿದ್ದರಿಂದ ಇದು ಸಾಧ್ಯ ಆಯಿತು.

ಇಂಡಿ_ದಾಳಿಂಬೆ (ಇಂಡಿ):

ನಮಸ್ಕಾರ ರೀ. ನಾನು ಅಗ್ರಿ ಓದಿದವನು, ಮನೆಯಲ್ಲಿ ದಾಳಿಂಬೆ ತೋಟ ಇದೆ. ದುಂಡಾಣು ಅಂಗಮಾರಿ ನಮ್ಮ ಕಡೆ ಎಷ್ಟು ತೋಟ ಕಿತ್ತು ಹಾಕಿಸಿದೆ ಅಂತ ಎಲ್ಲರಿಗೂ ಗೊತ್ತು. ಆ ಬ್ಯಾಕ್ಟೀರಿಯಾ ಗಿಡದ ಜೀವಕೋಶದೊಳಗೆ ಪ್ರೋಟೀನ್ ಚುಚ್ಚಿ ಗಿಡದ ರಕ್ಷಣೆಯನ್ನು ಮಲಗಿಸುತ್ತದೆ ಅಂತ ಓದಿದ್ದೇನೆ. ಅದರ ಇಂಟರ್‌ಫೇಸ್ ಕಂಪ್ಯೂಟರ್‌ನಲ್ಲಿ ಕಂಡುಹಿಡಿದು ನಿಮ್ಮ ಪಟ್ಟಿಗೆ ಸೇರಿಸಬಹುದಾ? ಪ್ರೋಟೀನ್ ರಚನೆ ಊಹಿಸುವ ಆಲ್ಫಾಫೋಲ್ಡ್ ಇದೆಯಲ್ಲ ಈಗ.

ಗುಮ್ಮಟನಗರಿ:

ಅಣ್ಣಾ, ಪ್ರಯತ್ನ ಮಾಡಬಹುದು. ಆದರೆ ಬೇರೆ ಕಪಾಟಿನಲ್ಲಿ ಇಡಬೇಕು.

ನಿಮ್ಮ ಅಂಗಮಾರಿ ತರುವ ಕ್ಸಾಂಥೋಮೋನಾಸ್ ಗುಂಪಿನ ಬ್ಯಾಕ್ಟೀರಿಯಾಗಳು ಚುಚ್ಚುವ ಪ್ರೋಟೀನ್‌ಗಳಲ್ಲಿ ಕ್ಸಾಪ್-ಎನ್ ಅನ್ನುವುದು ಒಂದು. ಟೊಮೆಟೊದಲ್ಲಿ ಅದು ಗಿಡದ 14-3-3 ಕುಟುಂಬದ ಒಂದು ಪ್ರೋಟೀನ್‌ಗೆ ಅಂಟುತ್ತದೆ ಅಂತ ಪ್ರಯೋಗದಲ್ಲಿ ತೋರಿಸಿದ್ದಾರೆ. ದಾಳಿಂಬೆಯ ಜೋಡಿಯನ್ನು ಆಲ್ಫಾಫೋಲ್ಡ್‌ನಲ್ಲಿ ಕೊಟ್ಟರೆ ಅದು ಏನಾದರೂ ಒಂದು ಚಿತ್ರ ಕೊಟ್ಟೇ ಕೊಡುತ್ತದೆ. ಅಂಟದ ಪ್ರೋಟೀನ್ ಕೊಟ್ಟರೂ ಚಿತ್ರ ಬರುತ್ತದೆ. ಹಾಗಾಗಿ ಜೋಡಣೆಯನ್ನು ಎಷ್ಟು ನಂಬಬಹುದು ಅಂತ ಅದೇ ಕೊಡುವ ಐಪಿಟಿಎಂ ಅಂಕ (0ಯಿಂದ 1) ನೋಡಬೇಕು. 0.8ಕ್ಕಿಂತ ಮೇಲಿದ್ದರೆ ಭರವಸೆ ಇಡಬಹುದು. 0.6ಕ್ಕಿಂತ ಕೆಳಗಿದ್ದರೆ ಬಹುಶಃ ತಪ್ಪು. ನಡುವಿನದು ಅನುಮಾನ. 14-3-3 ಪ್ರೋಟೀನ್‌ಗಳು ಸಾಮಾನ್ಯವಾಗಿ ಫಾಸ್ಫೇಟ್ ಸೇರಿದ ಸಣ್ಣ ತುಣುಕನ್ನು ಹಿಡಿಯುತ್ತವೆ, ಆ ಫಾಸ್ಫೇಟ್ ಹಾಕದೇ ಓಡಿಸಿದರೆ ಹಿಡಿತವೇ ಬೇರೆ ಕಡೆ ಕಾಣಬಹುದು. 2024ರ ಆಲ್ಫಾಫೋಲ್ಡ್ 3ರಲ್ಲಿ ಫಾಸ್ಫೇಟ್ ಹಾಕಿಯೂ ಓಡಿಸಬಹುದು, ಅದನ್ನೇ ನೋಡಿ.

ಇನ್ನೊಂದು, 2022ರಲ್ಲಿ ಬಿಡುಗಡೆ ಆದ ಆಲ್ಫಾಫೋಲ್ಡ್‌ನ 20 ಕೋಟಿಗೂ ಹೆಚ್ಚು ಮಾದರಿಗಳು ಒಂಟಿ ಚೈನ್‌ನವು. ಅಲ್ಲಿಂದ ಎರಡನ್ನು ಇಳಿಸಿ ಪಕ್ಕ ಪಕ್ಕ ಇಟ್ಟರೆ ಇಂಟರ್‌ಫೇಸ್ ಆಗುವುದಿಲ್ಲ. ಜೋಡಿಯಾಗಿಯೇ ಓಡಿಸಬೇಕು.

ತೋಟಕ್ಕೆ ಇದರಿಂದ ಈಗಲೇ ಉಪಯೋಗ ಆಗುತ್ತದೆ ಅಂತ ನಾನು ಹೇಳಲಾರೆ. ಯಾವ ಅಮೈನೋ ಆಮ್ಲ ಬದಲಾಯಿಸಿ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಬೇಕು ಅಂತ ಸೂಚನೆ ಸಿಗುತ್ತದೆ. ಬಾಗಲಕೋಟೆ ತೋಟಗಾರಿಕಾ ವಿಶ್ವವಿದ್ಯಾಲಯದಲ್ಲಿ ಕೇಳಿ ನೋಡಿ. ಸೀಕ್ವೆನ್ಸ್ ಸಿಕ್ಕರೆ ಓಡಿಸಿಕೊಡಲು ನಾನು ತಯಾರು.

ಇಂಡಿ_ದಾಳಿಂಬೆ:

ಆಯ್ತು ತಂಗಿ, ಕೇಳುತ್ತೇನೆ. ಇಷ್ಟು ಬಿಡಿಸಿ ಹೇಳಿದ್ದೇ ದೊಡ್ಡದು.

ಘಟಪ್ರಭಾ_ಬಿಟಿ:

ಎಲ್ಲರೂ ಹೇಳಿದ ಹಾಗೆ ಬದಲಾಯಿಸಿ ಓಡಿಸಿದೆವು. ಎಂಎಂಸಿಫ್ ಅಸೆಂಬ್ಲಿಯಲ್ಲಿ 1ಎಚ್‌ಎಚ್‌ಒಗೆ ಈಗ ಎ ಜೊತೆ ಬಿ-2 ಬಂದಿದೆ. ವಿಸ್ತೀರ್ಣವೂ ಪೀಸಾ ಹತ್ತಿರ ಬಂದಿದೆ. ಗೈಡ್‌ಗೆ 2ಎಚ್‌ಬಿಎಸ್ ತೋರಿಸಿದೆವು, ರಚನೆ ತೋರಿಸುವ ಪೈಮಾಲ್ ಪ್ರೋಗ್ರಾಂನಲ್ಲಿ ಆ ವ್ಯಾಲಿನ್ ಗುಳಿಯೊಳಗೆ ಕೂತಿದ್ದು ನೋಡಿ, ಗೆರೆ ಬೇಡ, ಕಾಲಂ ಹಾಕಿ ಅಂತ ಅವರೇ ಹೇಳಿದರು.

ಈಗ ನಮ್ಮ ಕಾಲಂಗಳು ಹೀಗಿವೆ: ಪಿಡಿಬಿ ಕೋಡ್, ಅಸೆಂಬ್ಲಿ ನಂಬರ್, ಎರಡು ಚೈನ್ ಮತ್ತು ಸಿಮ್ಮೆಟ್ರಿಯಿಂದ ಬಂದದ್ದಾದರೆ ಅದರ ಗುರುತು, ಎರಡೂ ಕಡೆಯ ಯೂನಿಪ್ರಾಟ್ ಕೋಡ್, ಎರಡೂ ಥರದ ನಂಬರಿನಲ್ಲಿ ಅಮೈನೋ ಆಮ್ಲಗಳು, ಮ್ಯುಟೇಷನ್ ಇದ್ದರೆ ಅದು, ಅರ್ಧ ವಿಸ್ತೀರ್ಣ, ಗುಂಪಿನ ನಂಬರ್, ತೀರ್ಮಾನ, ಕಾರಣ. ಪ್ರಯೋಗದ ರಚನೆಯೋ ಊಹೆಯ ಮಾದರಿಯೋ ಅನ್ನುವುದಕ್ಕೂ ಒಂದು. ಏನಾದರೂ ಬಿಟ್ಟಿದೆಯಾ?

ಕೋಡ್_ಗೋಕಾಕ:

ಫೈಲ್ ಇಳಿಸಿದ ತಾರೀಖು ಮತ್ತು ಸ್ಕ್ರಿಪ್ಟ್‌ನ ಆವೃತ್ತಿ ಹಾಕಿ. ಪಿಡಿಬಿ ಹಳೇ ಫೈಲ್‌ಗಳನ್ನೂ ಆಗಾಗ ತಿದ್ದುತ್ತದೆ. ಮತ್ತೆ 5 ಆಂಗ್‌ಸ್ಟ್ರಾಮ್ ಅನ್ನುವುದನ್ನು ಕೋಡ್‌ನಲ್ಲಿ ಹುಗಿದು ಇಡಬೇಡಿ, ಅದೂ ಒಂದು ಕಾಲಂ. ಒಂದೇ ಅಮೈನೋ ಆಮ್ಲಕ್ಕೆ ಎರಡು ಜಾಗ ಕೊಟ್ಟಿರುವ ಫೈಲ್ ಇರುತ್ತವೆ, ಅಲ್ಲಿ ಆಕ್ಯುಪೆನ್ಸಿ (ಆ ಜಾಗದಲ್ಲಿ ಇರುವ ಪಾಲು) ಹೆಚ್ಚಿರುವುದನ್ನು ತೆಗೆದುಕೊಳ್ಳಿ, ತೆಗೆದುಕೊಂಡಿದ್ದೇವೆ ಅಂತ ಬರೆಯಿರಿ.

ತಿಳಕವಾಡಿ_ಮೇಷ್ಟ್ರು:

ಕಾರಣದ ಕಾಲಂನಲ್ಲಿ ಸುಮ್ನೆ ಪೀಸಾ ಅಂತ ಬರೆಯಬೇಡಿ ತಮ್ಮಾ. ಲೇಖಕರೇ ದ್ರಾವಣದಲ್ಲಿ ಅಳೆದು ಹೇಳಿದ್ದೋ, ಬೇರೆ ಕ್ರಿಸ್ಟಲ್‌ನಲ್ಲೂ ಸಿಕ್ಕಿದ್ದೋ, ಪ್ರೋಗ್ರಾಂ ಊಹಿಸಿದ್ದೋ ಅಂತ ಒಂದು ಸಾಲು ಬರೆಯಿರಿ. ರಿಮಾರ್ಕ್ 350ರಲ್ಲೇ ಅಸೆಂಬ್ಲಿಯನ್ನು ಲೇಖಕರು ಹೇಳಿದರೋ ಸಾಫ್ಟ್‌ವೇರ್ ಹೇಳಿತೋ ಅಂತ ಬೇರೆ ಬೇರೆ ಬರೆದಿರುತ್ತದೆ. ಎರಡೂ ಒಪ್ಪದ ಫೈಲ್‌ಗಳನ್ನು ಮೊದಲು ಬೇರೆ ತೆಗೆದಿಡಿ. ಆ ಪಟ್ಟಿ ನನಗೆ ಕಳಿಸಿ, ಒಟ್ಟಿಗೆ ಕೂತು ನೋಡೋಣ.